ಡಿಸ್ಕ್ ಬ್ರೇಕ್ ಪ್ಯಾಡ್ ಸವೆದಿದ್ದು ಕೈಗೆ ಗೊತ್ತಾಗಲ್ಲ, ಕಣ್ಣಲ್ಲೇ ನೋಡಬೇಕು: ಯಾವಾಗ ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಕೆ.ಆರ್.ಪುರಂ: ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಸರಕು ತುಂಬಿಕೊಂಡು ಹಲಸೂರು, ಇಂದಿರಾನಗರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರಂ ತಲುಪೋ ಅಂಗಡಿಯವರನ್ನ ಕೇಳಿ ನೋಡಿ. ದಾರಿಯಲ್ಲಿ ಎಷ್ಟು ಸಲ ಬ್ರೇಕ್ ಹಿಡಿದಿರಿ ಅಂದ್ರೆ ಲೆಕ್ಕ ಸಿಗಲ್ಲ. ಸಿಗ್ನಲ್, ಹಂಪ್, ಯೂಟರ್ನ್, ದಿಢೀರ್ ಅಂತ ನಿಲ್ಲೋ ಆಟೋ, ಬೈಯಪ್ಪನಹಳ್ಳಿ ದಾಟಿದ ಮೇಲೆ ಟಿನ್ ಫ್ಯಾಕ್ಟರಿ ಹತ್ತಿರದ ಜಾಮ್. ವಾಪಸ್ ಬರುವಾಗ ರೈಲ್ವೆ ಹಳಿ ಮೇಲಿನ ಹ್ಯಾಂಗಿಂಗ್ ಬ್ರಿಡ್ಜ್ ಇಳಿಜಾರು ಬೇರೆ.

ಹೀಗೆ ಓಡೋ ಬೈಕಿನಲ್ಲಿ ಬೇಗ ಸವೆಯೋ ವಸ್ತು ಬ್ರೇಕ್ ಪ್ಯಾಡ್. ಬೆಲೆ ನೋಡಿದ್ರೆ ಸಾಮಾನ್ಯ 125, 150 ಸಿಸಿ ಗಾಡಿಗೆ ಕೆಲವು ನೂರು ರೂಪಾಯಿ ಅಷ್ಟೇ. ಆದ್ರೂ ಬಹಳ ಜನ ಇದನ್ನ ಕೊನೇ ಗಳಿಗೆವರೆಗೂ ಬದಲಾಯಿಸಲ್ಲ. ಎಲ್ಲರೂ ಸೋಮಾರಿಗಳು ಅಂತಲ್ಲ. ಡಿಸ್ಕ್ ಬ್ರೇಕ್ ತನ್ನ ಸವೆತವನ್ನ ಮುಚ್ಚಿಡುತ್ತೆ, ಅದಕ್ಕೆ ಹೀಗಾಗುತ್ತೆ. ಅದು ಹೇಗೆ, ಪ್ಯಾಡ್ ಬದಲಾಯಿಸುವಾಗ ಏನೇನು ನೋಡ್ಕೋಬೇಕು ಅನ್ನೋದು ಮುಂದಿದೆ.

ಲಿವರ್ ಗಟ್ಟಿ ಇದೆ ಅಂದ್ರೆ ಬ್ರೇಕ್ ಚೆನ್ನಾಗಿದೆ ಅಂತಲ್ಲ

ಹಳೇ ಡ್ರಮ್ ಬ್ರೇಕಿನಲ್ಲಿ ಶೂ ಸವೆದಂತೆ ಲಿವರ್ ಅಥವಾ ಪೆಡಲ್ ಹೆಚ್ಚು ದೂರ ಹೋಗುತ್ತೆ. ‘ಬ್ರೇಕ್ ಲೂಸ್ ಆಗಿದೆ, ಸ್ವಲ್ಪ ಟೈಟ್ ಮಾಡಪ್ಪ’ ಅಂತ ಮೆಕ್ಯಾನಿಕ್ ಹತ್ತಿರ ಹೋಗ್ತೀವಿ. ಅಂದ್ರೆ ಡ್ರಮ್ ಬ್ರೇಕ್ ಬಾಯಿಬಿಟ್ಟು ಹೇಳುತ್ತೆ.

ಡಿಸ್ಕ್ ಬ್ರೇಕ್ ಹಾಗಲ್ಲ. ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ಒತ್ತಡಕ್ಕೆ ಕ್ಯಾಲಿಪರ್ ಒಳಗಿನ ಪಿಸ್ಟನ್ ಮುಂದೆ ಬಂದು ಪ್ಯಾಡನ್ನ ಡಿಸ್ಕ್ ಪ್ಲೇಟಿಗೆ ಒತ್ತುತ್ತೆ. ಪ್ಯಾಡ್ ಸವೆದಂತೆ ಪಿಸ್ಟನ್ ಅಷ್ಟಷ್ಟೇ ಮುಂದೆ ಬಂದು ನಿಲ್ಲುತ್ತೆ. ಖಾಲಿಯಾದ ಜಾಗಕ್ಕೆ ಮೇಲಿನ ಡಬ್ಬಿಯಿಂದ ಆಯಿಲ್ ಇಳಿಯುತ್ತೆ. ಹಾಗಾಗಿ ಹೊಸ ಪ್ಯಾಡ್ ಇದ್ದಾಗಲೂ, ಮುಕ್ಕಾಲು ಸವೆದಾಗಲೂ ಲಿವರ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಬ್ರೇಕೂ ಹಿಡಿಯುತ್ತೆ. ಲೈನಿಂಗ್ ಪೂರ್ತಿ ಮುಗಿದು ಹಿಂದಿನ ಕಬ್ಬಿಣದ ತಗಡು ಡಿಸ್ಕ್‌ಗೆ ತಾಗಿದ ದಿನ ಮಾತ್ರ ‘ಗರ್ರ್’ ಅನ್ನುತ್ತೆ. ಅಷ್ಟೊತ್ತಿಗೆ ಬ್ರೇಕಿನ ಬಲವೂ ಹೋಗಿರುತ್ತೆ, ಡಿಸ್ಕ್ ಪ್ಲೇಟೂ ಗೀರು ಬಿದ್ದು ಹಾಳಾಗಿರುತ್ತೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿಗೆ ಏನೋ ಬಂತು ಅಂತ ಕಂಡು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಹಿಡಿದ್ರೆ 11 ಮೀಟರ್ ಅಲ್ಲೇ ಹೋಯ್ತು. ಒಳ್ಳೇ ಬ್ರೇಕ್ ಇದ್ದರೆ ಅಲ್ಲಿಂದ ಮುಂದೆ 10 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತೆ ಅಂತಿಟ್ಟುಕೊಳ್ಳಿ. ಬ್ರೇಕಿನ ಬಲ ಅರ್ಧಕ್ಕೆ ಇಳಿದ್ರೆ ಅದೇ ದೂರ 20 ಮೀಟರ್ ಆಗುತ್ತೆ. ಹೆಚ್ಚಾದ ಆ 10 ಮೀಟರ್ ಹತ್ತಿರ ಹತ್ತಿರ ಒಂದು ಬಿಎಂಟಿಸಿ ಬಸ್ಸಿನ ಉದ್ದ. ಹಿಂದೆ ಅಕ್ಕಿ ಮೂಟೆಯೋ ತರಕಾರಿ ಚೀಲವೋ ಇದ್ರೆ ದೂರ ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟು ಆಗುತ್ತೆ ಅನ್ನೋದೂ ನೆನಪಿರಲಿ.

ಮನೆ ಮುಂದೆಯೇ ನೋಡೋದು ಹೇಗೆ?

ಇದಕ್ಕೆ ಬೇಕಿರೋದು ಮೊಬೈಲ್ ಟಾರ್ಚ್ ಮತ್ತು ಎರಡು ನಿಮಿಷ.

* ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ. ಮುಂದಿನ ಚಕ್ರದ ಹತ್ತಿರ ಕೂತು ಕ್ಯಾಲಿಪರ್ ಒಳಗೆ ಟಾರ್ಚ್ ಬಿಡಿ. ಡಿಸ್ಕ್ ಪ್ಲೇಟಿನ ಆ ಕಡೆ ಈ ಕಡೆ ಎರಡು ಪ್ಯಾಡ್ ಕಾಣುತ್ತೆ.
* ಪ್ರತಿ ಪ್ಯಾಡಿನಲ್ಲೂ ಎರಡು ಪದರ. ಹೊರಗಿನದು ಕಬ್ಬಿಣದ ತಗಡು, ಡಿಸ್ಕ್ ಕಡೆಗಿರೋದು ಕಪ್ಪು ಅಥವಾ ಬೂದು ಬಣ್ಣದ ಲೈನಿಂಗ್. ಅಳೆಯಬೇಕಾದ್ದು ಲೈನಿಂಗ್ ಮಾತ್ರ. ತಗಡನ್ನೂ ಸೇರಿಸಿ ನೋಡಿ ‘ಇನ್ನೂ ದಪ್ಪ ಇದೆ’ ಅಂದುಕೊಳ್ಳೋದೇ ಬಹಳ ಜನ ಮಾಡೋ ತಪ್ಪು.
* ಹೊಸ ಪ್ಯಾಡಿನ ಲೈನಿಂಗ್ ಸಾಮಾನ್ಯವಾಗಿ 4ರಿಂದ 5 ಮಿ.ಮೀ. ಇರುತ್ತೆ. 2 ಮಿ.ಮೀ.ಗೆ ಬಂತು ಅಂದ್ರೆ ಹೊಸದು ತಂದಿಟ್ಟುಕೊಳ್ಳಿ. 1.5 ಮಿ.ಮೀ. ಆದ್ರೆ ಬದಲಾಯಿಸಿಬಿಡಿ. 1 ಮಿ.ಮೀ. ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಗಾಡಿ ತೆಗೀಬೇಡಿ.
* ಬಹಳಷ್ಟು ಪ್ಯಾಡಿನ ಲೈನಿಂಗ್ ಮೇಲೆ ಸಣ್ಣ ಕಾಲುವೆಯಂಥ ಗೀರು ಇರುತ್ತೆ. ಅದು ಸವೆತದ ಗುರುತು. ಗೀರು ಮಾಯವಾಯ್ತು ಅಂದ್ರೆ ಪ್ಯಾಡಿನ ಆಯಸ್ಸು ಮುಗೀತು.
* ಎರಡೂ ಪ್ಯಾಡ್ ನೋಡಿ. ಒಂದು ದಪ್ಪ, ಇನ್ನೊಂದು ತೆಳ್ಳಗೆ ಇದ್ರೆ ಕ್ಯಾಲಿಪರ್ ಜಾರೋ ಪಿನ್ ಹಿಡ್ಕೊಂಡಿದೆ ಅಂತ ಅರ್ಥ. ಬರೀ ಪ್ಯಾಡ್ ಬದಲಾಯಿಸಿದ್ರೆ ಹೊಸದೂ ಹಾಗೇ ಸವೆಯುತ್ತೆ.

ಎಷ್ಟು ಕಿ.ಮೀ.ಗೆ ಬದಲಾಯಿಸಬೇಕು ಅಂತ ಕೇಳೋರು ಬಹಳ. ಅದಕ್ಕೆ ಒಂದೇ ಉತ್ತರ ಇಲ್ಲ. ಹೊಸಕೋಟೆ ಕಡೆ ಹೈವೇನಲ್ಲಿ ಓಡಾಡೋ ಬೈಕಿನ ಪ್ಯಾಡ್ ಬಹಳ ದಿನ ಬರುತ್ತೆ. ಇಂದಿರಾನಗರ 100 ಅಡಿ ರಸ್ತೆಯಲ್ಲಿ ದಿನವಿಡೀ ಡೆಲಿವರಿ ಮಾಡೋ ಅದೇ ಕಂಪನಿಯ ಬೈಕಿನ ಪ್ಯಾಡ್ ಬೇಗ ಮುಗಿಯುತ್ತೆ. ಮೆಟ್ರೋ ಕಾಮಗಾರಿ ನಡೆಯೋ ಕಡೆ ಏಳೋ ಮಣ್ಣು, ಸಿಮೆಂಟ್ ಧೂಳು ಪ್ಯಾಡಿಗೂ ಡಿಸ್ಕ್‌ಗೂ ನಡುವೆ ಸೇರಿದ್ರೆ ಸವೆತ ಇನ್ನೂ ಜಾಸ್ತಿ. ಅದಕ್ಕೇ ಕಿ.ಮೀ. ಲೆಕ್ಕ ಬಿಟ್ಟು ತಿಂಗಳಿಗೊಮ್ಮೆ ಕಣ್ಣಲ್ಲಿ ನೋಡೋದು ಒಳ್ಳೇದು. ಟೈರಿಗೆ ಗಾಳಿ ನೋಡ್ತೀರಲ್ಲ, ಅದರ ಜೊತೆಗೇ ಮುಗಿಸಿಬಿಡಿ.

ಸದ್ದು ಏನು ಹೇಳುತ್ತೆ?

* ಕೀಚ್ ಅನ್ನೋ ಸಣ್ಣ ಸದ್ದು: ಧೂಳು, ತೇವ ಇರಬಹುದು. ಲೈನಿಂಗ್ ಗಾಜಿನ ಹಾಗೆ ನುಣುಪಾಗಿದ್ರೂ ಬರುತ್ತೆ. ಮಳೆಯಲ್ಲಿ ನೆನೆದ ಗಾಡಿ ಮೊದಲ ಒಂದೆರಡು ಬ್ರೇಕಿಗೆ ಸದ್ದು ಮಾಡಿ ಸುಮ್ಮನಾದ್ರೆ ಗಾಬರಿ ಬೇಡ.
* ಗರ್ರ್ ಅಂತ ಕಬ್ಬಿಣ ಉಜ್ಜಿದ ಸದ್ದು: ಲೈನಿಂಗ್ ಮುಗಿದಿದೆ. ಗಾಡಿ ಅಲ್ಲೇ ನಿಲ್ಲಿಸಿ.
* ಲಿವರ್ ಮೆತ್ತಗೆ, ಸ್ಪಂಜಿನ ಹಾಗೆ: ಪ್ಯಾಡಿನ ತೊಂದರೆ ಅಲ್ಲ. ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಬ್ರೇಕ್ ಆಯಿಲ್ ಹಳೇದಾಗಿದೆ.
* ಬ್ರೇಕ್ ಹಿಡಿದಾಗ ಲಿವರ್ ನಡುಗೋದು: ಡಿಸ್ಕ್ ಪ್ಲೇಟ್ ಸೊಟ್ಟ ಆಗಿರಬಹುದು. ಎಬಿಎಸ್ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಮಾತ್ರ ಲಿವರ್ ಟಕಟಕ ಅಂದ್ರೆ ಅದು ಎಬಿಎಸ್ ಕೆಲಸ ಮಾಡ್ತಿರೋದು.
* ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡ್ಕೊಂಡಿರೋದು, ಡಿಸ್ಕ್ ಬಿಸಿ ಆಗೋದು: ಪಿಸ್ಟನ್ ಅಥವಾ ಪಿನ್ ಜಾಮ್ ಆಗಿದೆ. ಮೈಲೇಜೂ ಬೀಳುತ್ತೆ.

ಆಯಿಲ್ ಕಮ್ಮಿ ಇದ್ರೆ ಸುಮ್ಮನೆ ತುಂಬಿಸಬೇಡಿ

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಗೆ ಸಣ್ಣ ಗಾಜಿನ ಕಿಟಕಿ ಇರುತ್ತೆ. ಮಟ್ಟ ಕೆಳಗೆ ಇಳಿದಿದ್ರೆ ಎರಡೇ ಕಾರಣ. ಒಂದು, ಎಲ್ಲೋ ಸೋರ್ತಿದೆ. ಇನ್ನೊಂದು, ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಿದೆ. ಹಾಗಾಗಿ ಡಬ್ಬಿ ತುಂಬಿಸೋ ಮೊದಲು ಪ್ಯಾಡ್ ನೋಡಿ. ಸವೆದ ಪ್ಯಾಡ್ ಇಟ್ಟುಕೊಂಡೇ ಆಯಿಲ್ ತುಂಬಿಸಿದ್ರೆ, ಆಮೇಲೆ ಹೊಸ ಪ್ಯಾಡ್ ಹಾಕೋಕೆ ಪಿಸ್ಟನ್ ಹಿಂದೆ ತಳ್ಳಿದಾಗ ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ಬೀಳುತ್ತೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಎದ್ದುಹೋಗುತ್ತೆ. ಬಿದ್ದರೆ ತಕ್ಷಣ ನೀರು ಹಾಕಿ ತೊಳೀರಿ.

ಪ್ಯಾಡ್ ಕೊಳ್ಳುವಾಗ ನೋಡಬೇಕಾದ್ದು

ಸ್ಪೇರ್ ಪಾರ್ಟ್ಸ್ ಅಂದ್ರೆ ಬೆಂಗಳೂರಿಗೆ ಜೆ.ಸಿ. ರಸ್ತೆ, ನಮ್ಮ ಕಡೆಗೆ ಶಿವಾಜಿನಗರ. ಶಿವಾಜಿನಗರದ ಗುಜರಿಯಲ್ಲಿ ಮಿರರ್, ಹ್ಯಾಂಡಲ್, ಸೈಲೆನ್ಸರ್ ಅಂತ ಸೆಕೆಂಡ್ ಹ್ಯಾಂಡ್ ಸಾಮಾನು ತಂದು ಹಾಕೋರಿದ್ದಾರೆ. ಅದು ಅವರವರ ಇಷ್ಟ. ಬ್ರೇಕ್ ಪ್ಯಾಡ್ ಮತ್ತು ಶೂ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಇನ್ನೊಂದು ಗಾಡಿಯ ಡಿಸ್ಕ್‌ಗೆ ಸವೆದ ಪ್ಯಾಡ್ ನಿಮ್ಮ ಡಿಸ್ಕ್ ಮೇಲೆ ಸಮನಾಗಿ ಕೂರಲ್ಲ. ಅದಕ್ಕೆ ಆಯಿಲ್ ತಾಗಿತ್ತಾ, ನೀರಲ್ಲಿ ಬಿದ್ದಿತ್ತಾ ಅನ್ನೋದೂ ಗೊತ್ತಾಗಲ್ಲ.

ಹೊಸದು ಕೊಳ್ಳುವಾಗ:

* ಗಾಡಿ ಹೆಸರು ಒಂದೇ ಹೇಳಿದ್ರೆ ಸಾಲದು. ಮಾಡೆಲ್, ಯಾವ ವರ್ಷದ್ದು, ಎಬಿಎಸ್ ಇದೆಯಾ ಇಲ್ವಾ ಹೇಳಿ. ಒಂದೇ ಹೆಸರಿನ ಬೈಕಿಗೆ ವರ್ಷ ಬದಲಾದ್ರೆ ಪ್ಯಾಡೂ ಬದಲಾಗಿರಬಹುದು. ಹಳೇ ಪ್ಯಾಡ್ ಕೈಯಲ್ಲಿ ಹಿಡ್ಕೊಂಡು ಹೋಗೋದು ಎಲ್ಲಕ್ಕಿಂತ ಸುಲಭ.
* ಸೀಲ್ ಇರೋ ಪ್ಯಾಕ್ ತಗೊಳ್ಳಿ. ಪಾರ್ಟ್ ನಂಬರ್, ಎಂಆರ್‌ಪಿ, ತಯಾರಾದ ತಿಂಗಳು, ತಯಾರಕರ ವಿಳಾಸ ಇರಬೇಕು. ಅಕ್ಷರ ಮಸುಕು, ಸ್ಪೆಲಿಂಗ್ ತಪ್ಪು, ಪ್ಯಾಡ್ ಅಂಚು ಒರಟು ಇದ್ರೆ ಅನುಮಾನಪಡಿ.
* ಬಿಲ್ ಕೇಳಿ. ನಾಳೆ ಲೈನಿಂಗ್ ತಗಡಿನಿಂದ ಕಿತ್ತುಬಂದ್ರೆ ಕೇಳೋಕೆ ಆಧಾರ ಬೇಕಲ್ಲ.
* ಪ್ಯಾಡ್ ಯಾವಾಗಲೂ ಜೋಡಿಯಾಗಿ ಬದಲಾಯಿಸಬೇಕು. ಒಂದೇ ಸವೆದಿದೆ ಅಂತ ಒಂದನ್ನೇ ಹಾಕಬೇಡಿ.

ಪ್ಯಾಡಿನಲ್ಲಿ ಆರ್ಗ್ಯಾನಿಕ್, ಸೆಮಿ ಮೆಟಾಲಿಕ್, ಸಿಂಟರ್ಡ್ ಅಂತ ಬಗೆಗಳಿವೆ. ಆರ್ಗ್ಯಾನಿಕ್ ಮೃದು, ಸದ್ದು ಕಮ್ಮಿ, ಬೇಗ ಸವೆಯುತ್ತೆ. ಸಿಂಟರ್ಡ್ ಅಂದ್ರೆ ಲೋಹದ ಪುಡಿಯನ್ನ ಒತ್ತಿ ಕಾಯಿಸಿ ಮಾಡಿದ್ದು. ಬಿಸಿ, ಮಳೆ ತಡೆಯುತ್ತೆ, ಆದ್ರೆ ಅದಕ್ಕೆ ತಕ್ಕಂಥ ಡಿಸ್ಕ್ ಇಲ್ಲದಿದ್ರೆ ಪ್ಲೇಟನ್ನೇ ತಿನ್ನುತ್ತೆ. ಕಂಪನಿ ಕೊಟ್ಟ ಬಗೆಯನ್ನೇ ಹಾಕೋದು ಕ್ಷೇಮ.

ಬದಲಾಯಿಸುವ ವಿಧಾನ, ಹಂತ ಹಂತವಾಗಿ

ಇದು ಮುಂದಿನ ಡಿಸ್ಕ್ ಇರೋ ಸಾಮಾನ್ಯ ಬೈಕಿನ ಕ್ರಮ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಹೇಳಿದ್ರೆ ಅದನ್ನೇ ಪಾಲಿಸಿ. ಗ್ಯಾರೇಜಿನಲ್ಲಿ ಮಾಡಿಸೋರೂ ಒಮ್ಮೆ ಓದಿಕೊಳ್ಳಿ, ಪಕ್ಕದಲ್ಲಿ ನಿಂತು ನೋಡುವಾಗ ಸರಿ ತಪ್ಪು ಗೊತ್ತಾಗುತ್ತೆ.

ಬೇಕಾದ ಸಾಮಾನು: ಹೊಸ ಪ್ಯಾಡ್ ಜೋಡಿ, ಸ್ಪ್ಯಾನರ್ ಸೆಟ್, ಅಲೆನ್ ಕೀ, ಬ್ರೇಕ್ ಕ್ಲೀನರ್ ಸ್ಪ್ರೇ, ಶುಭ್ರವಾದ ಬಟ್ಟೆ, ಸಣ್ಣ ಎಮರಿ ಪೇಪರ್, ಬಿಸಿ ತಡೆಯೋ ಸಿಲಿಕಾನ್ ಗ್ರೀಸ್ ಸ್ವಲ್ಪ.

1. ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಈಗಷ್ಟೇ ಓಡಿಸಿದ್ರೆ ಡಿಸ್ಕ್ ತಣ್ಣಗಾಗೋವರೆಗೂ ಕಾಯಿರಿ, ಕೈ ಸುಡುತ್ತೆ.

2. ಕ್ಯಾಲಿಪರ್ ಬಿಚ್ಚೋ ಮೊದಲೇ ಪ್ಯಾಡ್ ಪಿನ್ ಸ್ವಲ್ಪ ಸಡಿಲ ಮಾಡ್ಕೊಳ್ಳಿ. ಬಿಚ್ಚಿದ ಮೇಲೆ ಕೈಯಲ್ಲಿ ಹಿಡ್ಕೊಂಡು ತಿರುಗಿಸೋದು ಕಷ್ಟ.

3. ಫೋರ್ಕ್‌ಗೆ ಹಾಕಿರೋ ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನ ಡಿಸ್ಕ್‌ನಿಂದ ಹೊರಗೆ ಎಳೀರಿ. ಪೈಪ್ ಮೇಲೆ ಜೋತುಬಿಡಬೇಡಿ, ದಾರ ಕಟ್ಟಿ ನೇತುಹಾಕಿ. ಎಬಿಎಸ್ ಗಾಡಿಯಾದ್ರೆ ಚಕ್ರದ ಹತ್ತಿರದ ಸೆನ್ಸರ್ ವೈರ್‌ಗೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳಿ.

4. ಇಲ್ಲಿಂದ ಮುಂದೆ ಬ್ರೇಕ್ ಲಿವರ್ ಮುಟ್ಟಬೇಡಿ. ಮಕ್ಕಳು ಪಕ್ಕದಲ್ಲಿದ್ರೆ ಅವರೂ ಒತ್ತಬಾರದು. ಒತ್ತಿದ್ರೆ ಪಿಸ್ಟನ್ ಹೊರಗೆ ಬಂದುಬಿಡುತ್ತೆ, ಆಮೇಲೆ ಪೂರ್ತಿ ಬ್ಲೀಡಿಂಗ್ ಮಾಡಿಸಬೇಕಾಗುತ್ತೆ.

5. ಪಿನ್ ತೆಗೆದು ಹಳೇ ಪ್ಯಾಡ್ ಹೊರಗೆ ತೆಗೀರಿ. ಒಳಗಿನ ಸ್ಪ್ರಿಂಗ್ ತಗಡು ಯಾವ ಕಡೆ ಮುಖ ಮಾಡಿದೆ ಅಂತ ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

6. ಒಳಗಿನ ಧೂಳನ್ನ ಬಾಯಲ್ಲಿ ಊದಬೇಡಿ. ಗಾಳಿ ಪೈಪ್ ಹಿಡಿದು ಹಾರಿಸಲೂಬೇಡಿ. ಬ್ರೇಕ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಳೇ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಕೂಡ ಇರ್ತಿತ್ತು. ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ದಿನಕ್ಕೆ ಹತ್ತಾರು ಗಾಡಿ ನೋಡೋ ಗ್ಯಾರೇಜ್ ಹುಡುಗರಿಗೆ ಈ ಮಾತು ಇನ್ನೂ ಮುಖ್ಯ.

7. ಆಯಿಲ್ ಡಬ್ಬಿ ಸುತ್ತ ಬಟ್ಟೆ ಸುತ್ತಿ. ಹಳೇ ಪ್ಯಾಡನ್ನ ಪಿಸ್ಟನ್ ಮೇಲಿಟ್ಟು ನಿಧಾನಕ್ಕೆ ಒಳಗೆ ತಳ್ಳಿ. ತಳ್ಳೋ ಮೊದಲು ಪಿಸ್ಟನ್ ಸುತ್ತಲಿನ ಕೊಳೆ ಒರೆಸಿರಬೇಕು, ಇಲ್ಲಾಂದ್ರೆ ಕೊಳೆ ಒಳಗೆ ಹೋಗಿ ರಬ್ಬರ್ ಸೀಲ್ ಹಾಳಾಗುತ್ತೆ.

8. ಪ್ಯಾಡ್ ಪಿನ್ ತುಕ್ಕು ಹಿಡಿದಿದ್ರೆ ಎಮರಿ ಪೇಪರ್‌ನಲ್ಲಿ ಉಜ್ಜಿ, ಗುಳಿ ಬಿದ್ದಿದ್ರೆ ಹೊಸದು ಹಾಕಿ. ಕ್ಯಾಲಿಪರ್ ಜಾರೋ ಪಿನ್‌ಗೆ ಮಾತ್ರ ತೆಳ್ಳಗೆ ಸಿಲಿಕಾನ್ ಗ್ರೀಸ್. ಪ್ಯಾಡಿನ ಲೈನಿಂಗ್‌ಗಾಗಲಿ ಡಿಸ್ಕ್‌ಗಾಗಲಿ ಗ್ರೀಸ್, ಆಯಿಲ್ ಒಂದು ಹನಿಯೂ ತಾಗಬಾರದು. ಗ್ರೀಸ್ ಕೈಯಲ್ಲಿ ಹೊಸ ಪ್ಯಾಡ್ ಮುಟ್ಟಬೇಡಿ.

9. ಡಿಸ್ಕ್ ಪ್ಲೇಟ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳೋಷ್ಟು ಆಳದ ಗೀರು ಇದ್ರೆ ಮೆಕ್ಯಾನಿಕ್‌ಗೆ ತೋರಿಸಿ. ಪ್ಲೇಟ್ ಮೇಲೆಯೇ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತೆ. ಅದಕ್ಕಿಂತ ತೆಳ್ಳಗಾಗಿದ್ರೆ ಪ್ಲೇಟೂ ಬದಲಾಗಬೇಕು.

10. ಹೊಸ ಪ್ಯಾಡ್ ಕೂರಿಸಿ, ಪಿನ್ ಹಾಕಿ, ಕ್ಯಾಲಿಪರ್ ಸೇರಿಸಿ ಬೋಲ್ಟ್ ಬಿಗಿ ಮಾಡಿ. ಮ್ಯಾನುಯಲ್ ಹೇಳಿದಷ್ಟೇ ಬಿಗಿ ಇರಬೇಕು. ಟಾರ್ಕ್ ರೆಂಚ್ ಇಲ್ಲದಿದ್ರೆ ಕೊನೇ ಬಿಗಿಯನ್ನ ಗ್ಯಾರೇಜಿನಲ್ಲಿ ಮಾಡಿಸಿ, ಗಾಡಿ ತಳ್ಳಿಕೊಂಡೇ ಹೋಗಿ.

11. ಆಯಿಲ್ ಡಬ್ಬಿ ಮುಚ್ಚಳ ಬಿಚ್ಚಿದ್ರೆ ಮಟ್ಟ ಸರಿ ಮಾಡಿ ಮುಚ್ಚಿ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಡಾಟ್ 5 ಅನ್ನೋದು ಸಿಲಿಕಾನ್ ಆಯಿಲ್, ಇವುಗಳ ಜೊತೆ ಬೆರೆಸುವ ಹಾಗಿಲ್ಲ.

ಅತಿ ಮುಖ್ಯ: ಮೊದಲ ಬ್ರೇಕ್ ಹಿಡಿಯಲ್ಲ

ಈ ಒಂದು ವಿಷಯಕ್ಕಾದ್ರೂ ಲೇಖನ ಪೂರ್ತಿ ಓದಿ. ಹೊಸ ಪ್ಯಾಡ್ ಹಾಕೋಕೆ ಪಿಸ್ಟನ್ ಹಿಂದೆ ತಳ್ಳಿರ್ತೀವಿ. ಅದು ಮತ್ತೆ ಮುಂದೆ ಬಂದು ಪ್ಯಾಡಿಗೆ ತಾಗೋವರೆಗೂ ಲಿವರ್ ಒತ್ತಿದ್ರೆ ಹ್ಯಾಂಡಲ್‌ವರೆಗೂ ಖಾಲಿ ಬರುತ್ತೆ. ಬ್ರೇಕೇ ಇರಲ್ಲ. ಕೆಲಸ ಮುಗೀತು ಅಂತ ಗ್ಯಾರೇಜ್ ಮೆಟ್ಟಿಲಿಂದ ನೇರ ರಸ್ತೆಗೆ ಗಾಡಿ ಇಳಿಸಿದ್ರೆ ಎದುರಿಗೆ ಬರೋ ಬಸ್ಸಿಗೆ ನಿಲ್ಲಿಸೋಕೆ ಏನೂ ಇರಲ್ಲ.

ಹಾಗಾಗಿ ಗಾಡಿ ಸ್ಟ್ಯಾಂಡ್ ಮೇಲಿರುವಾಗಲೇ ಲಿವರ್ ಮತ್ತೆ ಮತ್ತೆ ಒತ್ತಿ, ಗಟ್ಟಿಯಾಗೋವರೆಗೂ. ಆಮೇಲೆ ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ನಡೆದು ಬ್ರೇಕ್ ಹಿಡಿದು ನೋಡಿ. ನಿಂತ್ರೆ ಮಾತ್ರ ಹತ್ತಿ. ಎಷ್ಟು ಒತ್ತಿದ್ರೂ ಗಟ್ಟಿ ಆಗದಿದ್ರೆ ಗಾಳಿ ಸೇರಿದೆ, ಬ್ಲೀಡಿಂಗ್ ಆಗಬೇಕು. ಮೆಕ್ಯಾನಿಕ್ ಮಾಡಿದ್ರೂ ಸರಿಯೇ, ಕಿಕ್ಕರ್ ಹೊಡೆಯೋ ಮೊದಲು ನೀವೇ ಒಮ್ಮೆ ಲಿವರ್ ಒತ್ತಿ ನೋಡಿ.

ಹೊಸ ಪ್ಯಾಡ್ ಹೊಂದಿಕೊಳ್ಳೋಕೂ ಸಮಯ ಬೇಕು. ಟ್ರಾಫಿಕ್ ಕಮ್ಮಿ ಇರೋ ಬಡಾವಣೆ ರಸ್ತೆಯಲ್ಲಿ 30-40 ಕಿ.ಮೀ. ವೇಗಕ್ಕೆ ಹೋಗಿ ಮೆತ್ತಗೆ ಬ್ರೇಕ್ ಹಿಡಿದು ವೇಗ ಇಳಿಸಿ. ಹೀಗೆ ಹತ್ತು ಹದಿನೈದು ಸಲ, ನಡುವೆ ಡಿಸ್ಕ್ ತಣ್ಣಗಾಗೋಕೆ ಬಿಟ್ಟು. ಮೊದಲ ಕೆಲವು ದಿನ ಮುಂದಿನ ವಾಹನದಿಂದ ಹೆಚ್ಚು ಅಂತರ ಇರಲಿ. ಮಾರ್ಕೆಟ್‌ಗೆ ಲೋಡ್ ಹಾಕೋದಿದ್ರೆ ಎರಡು ದಿನ ಬಿಟ್ಟು ಹಾಕಿ.

ಡ್ರಮ್ ಬ್ರೇಕ್ ಇದ್ದವರಿಗೆ

ಸರಕು ಸಾಗಿಸೋ ಮೊಪೆಡ್ ಮತ್ತು ಬಹಳಷ್ಟು ಸ್ಕೂಟರ್‌ನಲ್ಲಿ ಇರೋದು ಡ್ರಮ್ ಬ್ರೇಕ್. ಅದರಲ್ಲಿ ಪ್ಯಾಡ್ ಬದಲು ಬ್ರೇಕ್ ಶೂ. ಬಹಳಷ್ಟು ಗಾಡಿಯಲ್ಲಿ ಬ್ರೇಕ್ ಆರ್ಮ್ ಹತ್ತಿರ ಸಣ್ಣ ಬಾಣದ ಗುರುತು ಇರುತ್ತೆ. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಕೊನೇ ಗೀಟು ಮುಟ್ಟಿದ್ರೆ ಶೂ ಮುಗಿದಿದೆ. ನಟ್ ಟೈಟ್ ಮಾಡ್ತಾ ಹೋದ್ರೆ ಬ್ರೇಕ್ ಬಂದ ಹಾಗೆ ಅನಿಸುತ್ತೆ, ಶೂ ಮಾತ್ರ ಹುಟ್ಟಲ್ಲ. ಟೈಟ್ ಮಾಡಿದ ಮೇಲೆ ಚಕ್ರ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್, 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯ ಮಾಡಲಾಯಿತು. ಸಿಬಿಎಸ್ ಇರೋ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಡಿದ್ರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತೆ. ಅದಕ್ಕೇ ಹಿಂದಿನ ಕೇಬಲ್ ಅಡ್ಜಸ್ಟ್ ಮಾಡಿಸಿದಾಗ ಮುಂದಿನದೂ ಸರಿ ಇದೆಯಾ ನೋಡಬೇಕು. ಎಬಿಎಸ್ ಇದ್ದ ಮಾತ್ರಕ್ಕೆ ಸವೆದ ಪ್ಯಾಡ್ ನಡೆಯಲ್ಲ. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತೆ, ಗಾಡಿ ನಿಲ್ಲಿಸೋದು ಪ್ಯಾಡೇ.

ಓದುಗರು ಕೇಳಬಹುದಾದ ಪ್ರಶ್ನೆಗಳು

ಪ್ಯಾಡ್‌ಗೆ ಆಯಿಲ್ ತಾಗಿದೆ, ಪೆಟ್ರೋಲಿನಲ್ಲಿ ತೊಳೆದ್ರೆ ಆಗುತ್ತಾ?
ಆಗಲ್ಲ. ಲೈನಿಂಗ್ ಎಣ್ಣೆ ಹೀರಿಕೊಂಡಿರುತ್ತೆ. ಬಿಸಿ ಆದಾಗ ಮತ್ತೆ ಹೊರಗೆ ಬರುತ್ತೆ. ಹೊಸದು ಹಾಕಿ, ಡಿಸ್ಕನ್ನ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ.

ಮುಂದಿನ ಬ್ರೇಕ್ ಹಿಡಿದ್ರೆ ಬೀಳ್ತೀವಿ ಅಂತ ಹಿಂದಿನದೇ ಬಳಸ್ತೀನಿ, ಸರೀನಾ?
ತಪ್ಪು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತೆ, ಗಾಡಿ ನಿಲ್ಲಿಸೋ ಹೆಚ್ಚಿನ ಬಲ ಮುಂದಿನ ಚಕ್ರದ್ದು. ಎರಡೂ ಸೇರಿಸಿ ಹಿಡಿಯಿರಿ. ಮರಳು, ಆಯಿಲ್ ಚೆಲ್ಲಿದ ಕಡೆ, ತಿರುವಿನಲ್ಲಿ ಮಾತ್ರ ಮುಂದಿನದನ್ನ ಮೆತ್ತಗೆ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಬೇಕು?
ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಅದು 155 ಡಿಗ್ರಿಗೆ ಇಳಿಯಬಹುದು. ಕುದ್ದರೆ ಗುಳ್ಳೆ ಎದ್ದು ಲಿವರ್ ಖಾಲಿ ಹೋಗುತ್ತೆ.

ಪ್ಯಾಡ್ ಸವೆದ ಗಾಡಿ ಓಡಿಸಿದ್ರೆ ಕೇಸ್ ಆಗುತ್ತಾ?
ಅಪಾಯ ತರುವಂಥ ದೋಷ ಇದೆ ಅಂತ ಗೊತ್ತಿದ್ದೂ ವಾಹನ ಓಡಿಸೋದು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 190ರ ಪ್ರಕಾರ ಅಪರಾಧ.

ಈ ಭಾನುವಾರ ಅಂಗಡಿ ಬಾಗಿಲು ತೆಗೆಯೋ ಮೊದಲು ಎರಡು ನಿಮಿಷ ಗಾಡಿ ಮುಂದೆ ಕೂತು ಟಾರ್ಚ್ ಬಿಟ್ಟು ನೋಡಿ. ಮಗ ಕಾಲೇಜಿಗೆ ತಗೊಂಡು ಹೋಗೋ ಬೈಕ್, ಅಂಗಡಿ ಹುಡುಗ ಡೆಲಿವರಿಗೆ ಓಡಿಸೋ ಸ್ಕೂಟರ್ ಕೂಡ ನೋಡಿ. 2 ಮಿ.ಮೀ.ಗಿಂತ ಕಮ್ಮಿ ಕಂಡ್ರೆ ಸೋಮವಾರವೇ ಬದಲಾಯಿಸಿ.